ಸೋಗಿಗೆ ಮುಂಚೆ ಒಂದು ಎಲೆ

ಈಚೆಗೆ ಕಾರವಾರದಿಂದ ಇಬ್ಬರು ಕಾಲೇಜು ಹುಡುಗರು ಮನೆಗೆ ಬಂದಿದ್ದರು. ಟಿವಿಯ ಯಾವುದೋ ಕಾಮಿಡಿ ಶೋಗೆ ಆಯ್ಕೆಗೆ ಹೋಗುತ್ತಾರಂತೆ. ಚಹಾ ಕುಡಿಯುತ್ತ ಒಬ್ಬ ಕೇಳಿದ, "ಅಂಕಲ್, ಸ್ಟೇಜಿನ ಹೆದರಿಕೆ ಹೋಗೂಕೆ ನಿಮಗೆ ಎಷ್ಟು ವರ್ಷ ಬೇಕಾಯ್ತು?"

"ಹೋಗಲೇ ಇಲ್ವೋ ಮಾರಾಯಾ" ಎಂದೆ.

ಇಬ್ಬರೂ ಬಿದ್ದು ಬಿದ್ದು ನಕ್ಕರು. ನಮ್ಮ ಕಸುಬಿನ ಶನಿಯೇ ಇದು. ಇದ್ದದ್ದು ಇದ್ದ ಹಾಗೆ ಹೇಳಿದರೂ ನಗುತ್ತಾರೆ. ಹೊಟ್ಟೆನೋವು ಎಂದರೂ ನಗುತ್ತಾರೆ. ಅವರು ಹೋದ ಮೇಲೆ ಸಿಟ್ಟು ಬಂತು, ಆ ಸಿಟ್ಟಿನಲ್ಲೇ ಇದನ್ನು ಬರೆಯಲು ಕೂತೆ. ಯಾವ ಯಾವ ಧಾರಾವಾಹಿಯಲ್ಲಿ ಮಾಡಿದೆ, ಯಾರು ಯಾರು ಶಾಲು ಹೊದೆಸಿದರು ಎಂಬುದೆಲ್ಲ ಇಲ್ಲಿಲ್ಲ. ಶಾಲುಗಳನ್ನು ನನ್ನ ಹೆಂಡತಿ ಟ್ರಂಕಿನಲ್ಲಿ ನುಸಿಗುಳಿಗೆ ಹಾಕಿ ಇಟ್ಟಿದ್ದಾಳೆ, ಬೇಕಾದವರು ಬಂದು ನೋಡಬಹುದು. ನಾನು ಬರೆಯುವುದು ಹೆದರಿಕೆಯ ವಿಷಯ. ಯಾಕೆಂದರೆ ನನ್ನನ್ನು ಟಿವಿಗೆ ಕರೆದುಕೊಂಡು ಹೋದದ್ದು ಅದೇ.

ನಮ್ಮೂರು ಅಂಕೋಲೆ ತಾಲೂಕಿನ ಭಾವಿಕೇರಿ. ಅಪ್ಪ ಅವ್ವ ಕಂಡವರ ಗದ್ದೆಯಲ್ಲಿ ದುಡಿಯುವವರು. ಅವ್ವನ ತಮ್ಮ ಬೀರಮಾವ ಚೆಂಡಿಯಾದವ. ತುಂಡು ಗದ್ದೆ, ಹಿತ್ತಲಲ್ಲಿ ನಾಲ್ಕು ತೆಂಗಿನಮರ, ಮಣ್ಣಿನ ಗೋಡೆಯ ಮನೆ, ಇಷ್ಟೇ ಅವನ ಆಸ್ತಿ. ಆದರೆ ಸುಗ್ಗಿ ಹಬ್ಬ ಬಂತೆಂದರೆ ಆ ಸೀಮೆಗೆಲ್ಲ ಅವನೇ ರಾಜ.

ಸುಗ್ಗಿಯಲ್ಲಿ ನಮ್ಮ ಕಡೆ ಹಗರಣ ತೆಗೆಯುತ್ತಾರೆ. ಊರಿನ ಶ್ರೀಮಂತ, ಜಿಪುಣ, ಜಗಳಗಂಟ, ಯಾರದ್ದಾದರೂ ಸೋಗು ಹಾಕಿಕೊಂಡು, ಅವರಂತೆಯೇ ನಡೆದು, ಅವರಂತೆಯೇ ಮಾತಾಡಿ, ಬೀದಿಯುದ್ದಕ್ಕೂ ಜನರನ್ನು ನಗಿಸುತ್ತ ಹೋಗುವುದು. ಆ ದಿನ ಯಾರೂ ಸಿಟ್ಟು ಮಾಡುವಂತಿಲ್ಲ. ಆದರೂ ಬೀರಮಾವನ ಮೇಳದಲ್ಲಿ ಬೇರೆಲ್ಲೂ ಇಲ್ಲದ ಒಂದು ಪದ್ಧತಿ ಇತ್ತು. ಯಾರ ಸೋಗು ತೆಗೆಯಬೇಕೋ ಅವರ ಮನೆಗೆ ಹಿಂದಿನ ದಿನವೇ ಒಂದು ವೀಳ್ಯದೆಲೆ, ಒಂದು ಹೋಳು ಅಡಿಕೆ ಹಿಡಿದುಕೊಂಡು ಹೋಗಬೇಕು. ಅವರು ಎಲೆ ತೆಗೆದುಕೊಂಡು ಬಾಯಿಗೆ ಹಾಕಿದರೆ ಒಪ್ಪಿದರು ಎಂದು ಅರ್ಥ. ಮುಟ್ಟದಿದ್ದರೆ ಸೋಗು ಇಲ್ಲ.

"ಎಂತಕ್ಕೆ ಮಾವಾ? ಕೇಳ್ದೆ ಮಾಡಿದ್ರೆ ಇನ್ನೂ ಮಜಾ ಬತ್ತದೆ" ಎಂದು ಒಮ್ಮೆ ವಾದ ಮಾಡಿದ್ದೆ.

"ತಮಾ, ಅವನ ನಡಿಗೆ ಅವಂದು, ಅವನ ದನಿ ಅವಂದು. ಕೇಳ್ದೆ ತಕಂಡ್ರೆ ಕದ್ದ ಹಾಗೆ" ಎಂದಿದ್ದ ಮಾವ.

ನನಗೆ ಮೊದಲ ಸೋಗು ಕೊಟ್ಟಾಗ ಎಲೆ ಹಿಡಿದು ಒಬ್ಬ ದಿನಸಿ ಅಂಗಡಿಯವರ ಮನೆ ಮೆಟ್ಟಿಲ ಮೇಲೆ ನಿಂತದ್ದು ಈಗಲೂ ನೆನಪಿದೆ. ಬೀದಿಯಲ್ಲಿ ಸಾವಿರ ಜನರ ಎದುರು ಕುಣಿಯುವುದಕ್ಕೆ ಅಷ್ಟು ಹೆದರಿರಲಿಲ್ಲ. ಒಬ್ಬ ಮನುಷ್ಯನ ಮುಖ ನೋಡಿ "ನಾಳೆ ನಿಮ್ಮನ್ನ ಆಡಿಕೊಂಡು ನಗಿಸ್ತೆ, ಆಗೂದಾ?" ಎಂದು ಕೇಳುವುದಿದೆಯಲ್ಲ, ಅದಕ್ಕೆ ಬೇರೆಯೇ ಗುಂಡಿಗೆ ಬೇಕು. ಅಂಗಡಿಯವರು ನಕ್ಕು ಎಲೆ ಬಾಯಿಗೆ ಹಾಕಿಕೊಂಡರು. ಹೋದ ಜೀವ ಬಂತು.

ಎಂಬತ್ತರ ದಶಕದಲ್ಲಿ ಹೊಟ್ಟೆಪಾಡಿಗೆಂದು ಬಿಣಗಾದ ಕಾರ್ಖಾನೆಗೆ ಕೂಲಿಗೆ ಸೇರಿದೆ. ಹಗಲು ಮೂಟೆ ಹೊರುವುದು, ರಜೆ ದಿನ ಮಿಮಿಕ್ರಿ. ಈಗಿನವರು ಸ್ಟ್ಯಾಂಡ್ ಅಪ್ ಎನ್ನುವುದನ್ನು ನಾವು ಆಗ "ತುಂಬಿಸುವುದು" ಎನ್ನುತ್ತಿದ್ದೆವು. ಹವ್ಯಾಸಿ ನಾಟಕಗಳಲ್ಲಿ ಪರದೆ ಬಿದ್ದು ಮುಂದಿನ ದೃಶ್ಯಕ್ಕೆ ಸಾಮಾನು ಜೋಡಿಸುವ ತನಕ ಜನ ಎದ್ದು ಹೋಗದ ಹಾಗೆ ಪರದೆಯ ಮುಂದೆ ನಿಂತು ನಗಿಸಬೇಕು. ಹಿಂದೆ ಸುತ್ತಿಗೆಯ ಸದ್ದು, ಮುಂದೆ ಮೈಕು, ನಡುವೆ ನಾನು. ಎಷ್ಟು ಹೊತ್ತು ಎಂದು ಯಾರಿಗೂ ಗೊತ್ತಿರುತ್ತಿರಲಿಲ್ಲ.

ಕಾರವಾರದ ಒಂದು ಗಣೇಶೋತ್ಸವದಲ್ಲಿ ರಾಜನ ಸಿಂಹಾಸನದ ಕಾಲು ಮುರಿಯಿತು. ನನ್ನ ಸರಕೆಲ್ಲ ಖಾಲಿಯಾಗಿತ್ತು. ಪರದೆಯ ಸಂದಿಯಿಂದ ಒಂದು ದನಿ, "ಇನ್ನೊಂಚೂರು ಎಳಿಯಾ, ಮೊಳೆ ಸಿಗ್ತಿಲ್ಲ!" ಏನೂ ತೋಚದೆ ಕಂಡಕ್ಟರನ ದನಿಯಲ್ಲಿ ಅಂಕೋಲೆಯಿಂದ ಕಾರವಾರದ ತನಕದ ಸ್ಟಾಪುಗಳನ್ನು ಕೂಗಲು ಶುರು ಮಾಡಿದೆ. ಅವರ್ಸಾದಲ್ಲಿ ಮೀನಿನ ಬುಟ್ಟಿ ಹತ್ತಿತು, ಅಮದಳ್ಳಿಯಲ್ಲಿ ಅದರ ಒಡತಿ ಜಗಳಕ್ಕೆ ನಿಂತಳು, ಅರ್ಗಾ ಬರುವಷ್ಟರಲ್ಲಿ ಇಡೀ ಬಸ್ಸು ಆ ಜಗಳದಲ್ಲಿ ಸೇರಿತ್ತು. ಬಿಣಗಾ ಬಂದಾಗ ಸಿಂಹಾಸನ ರೆಡಿಯಾಯಿತು. ಆ ಮೇಲೆ ಹದಿನೈದು ವರ್ಷ ಜನ ನನ್ನಿಂದ ಕೇಳಿದ್ದು ಅದೊಂದನ್ನೇ. ಹೊಳೆದದ್ದಲ್ಲ ಅದು, ಹೆದರಿ ಬಾಯಿಗೆ ಬಂದದ್ದು.

ಒಮ್ಮೆ ಮಾತ್ರ ಎಲೆ ಕೊಡದೆ ಸೋಗು ತೆಗೆದೆ. ನಮ್ಮ ಕಾರ್ಖಾನೆಯ ಗೇಟಿನಲ್ಲಿ ಹಾಜರಿ ಹಾಕುವ ಒಬ್ಬ ಟೈಮ್ ಕೀಪರ್ ಇದ್ದರು, ಕೊಂಕಣಿ ಮನೆಮಾತಿನವರು. ಬರೆಯುವಾಗ ಮೂಗಿನಲ್ಲೇ ಏನೋ ಒಂದು ರಾಗ ಎಳೆಯುತ್ತಿದ್ದರು. ಕಾರ್ಮಿಕರ ಹಬ್ಬದ ಸ್ಟೇಜಿನಲ್ಲಿ ಆ ರಾಗವನ್ನು ಎಳೆದು ತೋರಿಸಿದೆ. ಜನ ಕುರ್ಚಿಯಿಂದ ಬೀಳುವಂತೆ ನಕ್ಕರು. ಮಾರನೆ ದಿನ ಬೈಯುತ್ತಾರೆ, ಹಾಜರಿ ತಪ್ಪಿಸುತ್ತಾರೆ ಎಂದು ನಡುಗುತ್ತ ಹೋದೆ. ಅವರು ಬೈಯಲಿಲ್ಲ. ಸುಮ್ಮನೆ ಹೆಸರು ಬರೆದುಕೊಂಡರು. ಗೇಟು ದಾಟಿ ನಾಲ್ಕು ಹೆಜ್ಜೆ ಹೋದ ಮೇಲೆ ನನಗೆ ತಿಳಿಯಿತು, ರಾಗ ಇಲ್ಲ. ಅವತ್ತೂ ಇಲ್ಲ, ಆಮೇಲೆ ಯಾವತ್ತೂ ಇಲ್ಲ. ಆ ಮನುಷ್ಯ ಮತ್ತೆ ಗುನುಗಲೇ ಇಲ್ಲ. ಬೆನ್ನ ಮೇಲೆ ಎರಡು ಏಟು ಹಾಕಿದ್ದರೆ ನನಗೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ. ಸೋಗು ತೆಗೆದರೆ ಇಂಥದ್ದೂ ಆಗಬಹುದು ಎಂದು ಆವತ್ತು ಗೊತ್ತಾಯಿತು.

ತೊಂಬತ್ತರ ದಶಕದ ಕೊನೆಯಲ್ಲಿ ಬೆಂಗಳೂರಿನಿಂದ ಒಬ್ಬ ನಿರ್ದೇಶಕರು ಧಾರಾವಾಹಿ ತೆಗೆಯಲು ಕಾರವಾರಕ್ಕೆ ಬಂದರು. ಸ್ಥಳೀಯ ಕಲಾವಿದರು ಬೇಕಾಗಿದ್ದರು. ಯಾರೋ ನನ್ನ ಹೆಸರು ಹೇಳಿದರು, ಲಾಜಿನ ಕೋಣೆಗೆ ಕರೆಸಿದರು. ನಿರ್ದೇಶಕರು, ಕ್ಯಾಮೆರಾದವರು, ಇನ್ನಿಬ್ಬರು. ತಲೆಯ ಮೇಲೆ ಕಿರುಗುಟ್ಟುವ ಫ್ಯಾನು. "ಏನಾದರೂ ಮಾಡಿ" ಎಂದರು.

ಮಾಡಿದೆ. ಕಂಡಕ್ಟರನನ್ನು ಮಾಡಿದೆ, ಮೀನಿನವಳನ್ನು ಮಾಡಿದೆ. ಒಬ್ಬರೂ ನಗಲಿಲ್ಲ. ನೀವು ಇದನ್ನು ಅರ್ಥ ಮಾಡಿಕೊಳ್ಳಬೇಕು. ಸ್ಟೇಜಿನಲ್ಲಿ ನಗುವೇ ನಮ್ಮ ಗಡಿಯಾರ. ನಗು ಏರಿ ಇಳಿಯುವ ಹೊತ್ತು ನೋಡಿ ಮುಂದಿನ ಮಾತು ಬಿಡುತ್ತೇವೆ. ಅಲ್ಲಿ ಗಡಿಯಾರವೇ ನಿಂತುಹೋಯಿತು. ಅರ್ಧದಲ್ಲಿ ಮಾತು ನಿಲ್ಲಿಸಿ ಕುರ್ಚಿಯ ತುದಿಯಲ್ಲಿ ಕೂತುಬಿಟ್ಟೆ. ಅಂಗಿ ಬೆನ್ನಿಗೆ ಅಂಟಿತ್ತು. ಎದ್ದು ಓಡಿಹೋಗಲು ಬಾಗಿಲು ಎಲ್ಲಿದೆ ಎಂದು ನೋಡಿದೆ.

"ಹಾಗೇ ಇರಿ, ಅಲ್ಲಾಡಬೇಡಿ" ಎಂದರು ನಿರ್ದೇಶಕರು. ಕ್ಯಾಮೆರಾದವರ ಕಡೆ ತಿರುಗಿ, "ನೋಡಿದಿರಾ ಮುಖ? ಇವರೇ ನಮ್ಮ ಮುದುಕ" ಎಂದರು.

ನನಗೆ ನಲವತ್ತೂ ತುಂಬಿರಲಿಲ್ಲ. ಪಾತ್ರ ಕೇಳಿದ ಮೇಲಂತೂ ಇದ್ದ ಬದ್ದ ಧೈರ್ಯವೂ ಇಳಿದುಹೋಯಿತು. ಕಡಲ ದಂಡೆಯ ಊರಿನಲ್ಲಿ ಜಮೀನು ಹೋಗಿ, ಹುಟ್ಟಿದ ಮನೆಗೆ ಬೀಗ ಹಾಕಿ, ಹೆಂಡತಿಯ ಕೈ ಹಿಡಿದು ಹೊರಡುವ ಮುದುಕ. ಮಾತು ಬಹಳ ಕಡಿಮೆ.

ಮಾತಿದ್ದರೆ ಹೇಗಾದರೂ ತುಂಬಿಸುತ್ತಿದ್ದೆ. ಮಾತಿಲ್ಲದಿದ್ದರೆ ನನಗೆ ಗೊತ್ತಿದ್ದದ್ದು ಒಂದೇ ದಾರಿ, ಬದುಕಿರುವ ಮನುಷ್ಯನೊಬ್ಬನ ಸೋಗು. ಆ ಮನುಷ್ಯ ಯಾರೆಂದು ಹುಡುಕಬೇಕಾಗಿರಲಿಲ್ಲ. ನೌಕಾನೆಲೆಗೆಂದು ಚೆಂಡಿಯಾದಲ್ಲಿ ಜಾಗ ಹೋದಾಗ ಬೀರಮಾವನ ಮನೆಯೂ ಹೋಗಿತ್ತು. ಈಗ ಅತ್ತೆಯೊಂದಿಗೆ ಪುನರ್ವಸತಿಯ ಕಾಲೋನಿಯಲ್ಲಿದ್ದ. ಮೇಳದವರೆಲ್ಲ ಒಬ್ಬೊಬ್ಬರು ಒಂದೊಂದು ಕಡೆ ಚದುರಿದ್ದರು. ಅಲ್ಲಿಗೆ ಹೋದ ಮೇಲೆ ಮಾವ ಹಗರಣದ ಹೆಸರು ಎತ್ತಿರಲಿಲ್ಲ. ನಗಿಸುವುದಿರಲಿ, ನಗುವುದನ್ನೇ ಬಿಟ್ಟಿದ್ದ.

ಚಿತ್ರೀಕರಣದ ಹಿಂದಿನ ಸಂಜೆ ಎಲೆ ಅಡಿಕೆ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು ಹೊರಟೆ. ಬಸ್ಸಿನಲ್ಲಿ ಪೂರ್ತಿ ಹೊತ್ತು ಕೈ ಜೇಬಿನ ಮೇಲೇ ಇತ್ತು. ಎಲೆ ಕೊಡುವುದನ್ನು ನನಗೆ ಕಲಿಸಿದವನಿಗೇ ಎಲೆ ಕೊಡಬೇಕು. ಅದೂ ಯಾವ ವಿಷಯಕ್ಕೆ! ಹುಣ್ಣನ್ನು ಬೆರಳಿನಿಂದ ಕೆದಕಿದ ಹಾಗೆ. ಮಾವ ಸಿಟ್ಟಿಗೆದ್ದರೆ ತಡೆದುಕೊಳ್ಳಬಹುದು. ಆದರೆ ಆ ಟೈಮ್ ಕೀಪರರ ಹಾಗೆ ಸುಮ್ಮನಾಗಿಬಿಟ್ಟರೆ? ನನಗಿದ್ದವ ಅವನೊಬ್ಬನೇ ಗುರು. ಅವನನ್ನೇ ಕಳೆದುಕೊಂಡರೆ ಟಿವಿ ಯಾರಿಗೆ ಬೇಕು?

ಮಾವ ಜಗುಲಿಯಲ್ಲಿ ಕೂತಿದ್ದ. ಅತ್ತೆ ಪಕ್ಕದಲ್ಲಿ ಮೀನು ಕೊಯ್ಯುತ್ತಿದ್ದಳು. ಮುದುಕನ ಪಾತ್ರ, ನಾಳೆ ಅವರ್ಸಾದ ಹತ್ತಿರ ಚಿತ್ರೀಕರಣ, ಎಲ್ಲ ಹೇಳಿದೆ. ಹೇಳಿ ಮುಗಿಸಿ ಎಲೆ ಮುಂದೆ ಹಿಡಿದೆ.

ಮಾವ ಎಲೆ ನೋಡಿದ. ನನ್ನ ಮುಖ ನೋಡಿದ. ಅತ್ತೆಯ ಕೈಯ ಕತ್ತಿ ನಿಂತಿತು.

"ಮೀನು ತಾಜಾ ಅದೆ. ಉಂಡ್ಕಂಡು ಹೋಗು" ಎಂದ. ಎಲೆ ಮುಟ್ಟಲಿಲ್ಲ.

ಉಂಡು ಎದ್ದೆ. ಹೊರಡುವಾಗ ಮಾವ ಬಾಗಿಲಿಗೆ ಬೀಗ ಹಾಕಿ ನನ್ನ ಜೊತೆ ರಸ್ತೆಯ ತನಕ ಬಂದ. ಅತ್ತೆ ಒಳಗೇ ಇದ್ದಾಳೆಂಬುದು ಆಮೇಲೆ ನೆನಪಾಗಿ ಓಡಿ ವಾಪಸು ಹೋದ. ಬೇರೆ ದಿನವಾದರೆ ಇದನ್ನೇ ಹಿಡಿದು ಅವನನ್ನು ಒಂದು ವಾರ ಕಾಡುತ್ತಿದ್ದೆ. ಅವತ್ತು ನಗು ಬರಲಿಲ್ಲ. ಎಲೆಯನ್ನು ಎಸೆಯಲು ಮನಸ್ಸಾಗದೆ ಜೇಬಿಗೆ ಹಾಕಿಕೊಂಡು ಬಸ್ಸು ಹತ್ತಿದೆ.

ಮಾರನೆ ದಿನ ಅವರ್ಸಾದ ಹತ್ತಿರ ಒಂದು ಖಾಲಿ ಮನೆಯ ಮುಂದೆ ಚಿತ್ರೀಕರಣ. ತಲೆಗೆ ಬಿಳಿ ಬಣ್ಣ ಬಳಿದರು, ಹಳೆಯ ಪಂಚೆ ಉಡಿಸಿದರು. ಮಾವ ಒಪ್ಪಿಲ್ಲ, ಹಾಗಾಗಿ ಅವನ ಒಂದು ಹೆಜ್ಜೆಯನ್ನೂ ಮುಟ್ಟುವುದಿಲ್ಲ ಎಂದು ನಿರ್ಧರಿಸಿದ್ದೆ. ಆದರೆ ಅವನನ್ನು ಬಿಟ್ಟರೆ ನನ್ನ ಕೈಯಲ್ಲಿ ಏನೂ ಇರಲಿಲ್ಲ. ಅಷ್ಟರಲ್ಲಿ ಸುತ್ತ ಜನ ಸೇರಿದರು.

"ಏ, ಮಿಮಿಕ್ರಿ ನಾಗೇಶ ಕಾಣ್ರೋ! ಮುದುಕ ಆಗಿಬಿಟ್ಟಾ!"

"ಕಂಡಕ್ಟರ್ ಮಾಡಾ ಒಂದ್ಸಲ!"

ನಿರ್ದೇಶಕರು "ಆಕ್ಷನ್" ಎಂದರು. ಬೀಗ ಹಿಡಿದು ಬಾಗಿಲ ಕಡೆ ತಿರುಗಿದೆ. ಹಿಂದಿನಿಂದ ಹೋ ಎಂದು ನಗು. ಕಟ್. ಮತ್ತೊಮ್ಮೆ. ಕಣ್ಣಲ್ಲಿ ನೀರು ತಂದುಕೊಂಡೆ. ಅದಕ್ಕೆ ಇನ್ನೂ ಜೋರು ನಗು. ಆಗ ಮಾತು, ಸದ್ದು ಎಲ್ಲ ಚಿತ್ರದ ಜೊತೆಗೇ ಅಲ್ಲೇ ರೆಕಾರ್ಡ್ ಮಾಡುತ್ತಿದ್ದರು, ಜನ ಸುಮ್ಮನಿರದಿದ್ದರೆ ಏನೂ ಆಗುವಂತಿಲ್ಲ. ನಿರ್ದೇಶಕರ ಸಹಾಯಕ ಕೈಮುಗಿದ, ಗದರಿಸಿದ. ಒಂದು ಗಳಿಗೆ ಸುಮ್ಮನಿದ್ದು, ನನ್ನ ಮುಖ ಕಂಡೊಡನೆ ಮತ್ತೆ ಶುರು. ವರ್ಷಗಟ್ಟಲೆ ಯಾವ ನಗುವಿಗಾಗಿ ದೇವರಿಗೆ ಹರಕೆ ಹೊತ್ತಿದ್ದೆನೋ ಅದೇ ನಗು ನನ್ನನ್ನು ಬೆನ್ನಟ್ಟಿ ಹೊಡೆಯುತ್ತಿತ್ತು. ನಾನಿನ್ನು ಸತ್ತರೂ ಈ ಜನ ನಗುತ್ತಾರೆ ಎಂದು ನಿಜವಾಗಿ ಭಯವಾಯಿತು.

"ಊಟ ಆಗಲಿ" ಎಂದರು ನಿರ್ದೇಶಕರು. ನನ್ನನ್ನು ಬದಿಗೆ ಕರೆದು, "ತಪ್ಪು ತಿಳೀಬೇಡಿ. ಊಟದ ಮೇಲೂ ಹೀಗೇ ಆದರೆ ಬೇರೆಯವರನ್ನ ನೋಡಬೇಕಾಗತ್ತೆ. ನಿಮ್ಮ ಮುಖ ಇಲ್ಲಿನವರಿಗೆ ತುಂಬಾ ಪರಿಚಯ" ಎಂದರು. ಮೆತ್ತಗೆ ಹೇಳಿದರು, ಒಳ್ಳೆಯ ಮನುಷ್ಯ.

ಮನೆಯ ಹಿಂದೆ ಬಾವಿಕಟ್ಟೆಯ ಮೇಲೆ ತಲೆ ತಗ್ಗಿಸಿ ಕೂತಿದ್ದೆ. ಎದುರಿಗೆ ಎರಡು ಬರಿಗಾಲು ಬಂದು ನಿಂತವು. ಬೆರಳು ನೋಡಿಯೇ ಗೊತ್ತಾಯಿತು.

"ಎಲೆ ಎಲ್ಲದೆ?" ಎಂದ ಬೀರಮಾವ.

"ಯಾವ ಎಲೆ?"

"ನಿನ್ನೆ ತಂದಿದ್ಯಲಾ, ಅದು."

ನನ್ನ ಅಂಗಿ ಅಲ್ಲೇ ಗೂಟಕ್ಕೆ ತೂಗುತ್ತಿತ್ತು. ಜೇಬಿನಿಂದ ತೆಗೆದು ಕೊಟ್ಟೆ. ಬಾಡಿ ಬಟ್ಟೆಯ ಚೂರಿನಂತಾಗಿತ್ತು. ಮಾವ ಅದನ್ನು ತೊಡೆಗೆ ಒರೆಸಿ, ತೊಟ್ಟು ಚಿವುಟಿ, ಅಡಿಕೆ ಇಟ್ಟು ಬಾಯಿಗೆ ಹಾಕಿಕೊಂಡ.

"ನಿನ್ನೆ ಎಂತಕ್ಕೆ ಮುಟ್ಟಲಿಲ್ಲ ಮಾವಾ?"

"ನಿನ್ನ ಅತ್ತೆಗೆ ಕೇಳ್ದೆ ಹ್ಯಾಂಗೆ ಮುಟ್ಟೂದು? ಆ ಮನೆ ನನ್ನ ಒಬ್ಬಂದಾ? ಇವತ್ತು ಬೆಳಿಗ್ಗೆ ಕೇಳ್ದೆ. ಹೋಗಿ ತಕಣಿ ಅಂದ್ಲು." ಸ್ವಲ್ಪ ಹೊತ್ತು ಅಗಿದ. "ನೀ ಮಾಡೂದು ಕಂಡೆ. ಅಳೂದು ಎಂತಕ್ಕೆ? ನಾ ಅಳಲಿಲ್ಲ ಆ ದಿನ."

"ಮತ್ತೆ ಎಂತ ಮಾಡ್ದೆ?"

"ಬೀಗ ಹಾಕ್ದೆ. ಜಗ್ಗಿ ನೋಡ್ದೆ. ಅಂಗಳ ಇಳ್ದೆ. ಬೀಗ ಸರಿ ಬಿದ್ದದ್ಯೋ ಇಲ್ವೋ ಅಂದೇಳಿ ಮತ್ತೆ ಹೋಗಿ ಜಗ್ಗಿ ನೋಡ್ದೆ. ಬೇಲಿ ಬಾಗಿಲ ದಣಪೆ ತನಕ ಬಂದು ಮತ್ತೊಂದ್ಸಲ ಹೋದೆ. ಒಳಗೆ ಎಂತ ಇತ್ತು? ಬರೀ ಗೋಡೆ. ಕೆಡವೂ ಮನೆಗೆ ಯಾವ ಕಳ್ಳ ಬರ್ತಾ, ಹೇಳು?"

"ಜನ ನಗ್ತ್ರು ಮಾವಾ."

"ನಗಲಿ. ಬ್ಯಾಡ ಅಂದೋರು ಯಾರು? ಮೊದಲು ನಗಲಿ."

ಊಟದ ಮೇಲೆ ನಾನು ಯಾರಿಗೂ ಏನೂ ಹೇಳಲಿಲ್ಲ. ಆಕ್ಷನ್ ಎಂದಾಗ ಬೀಗ ಹಾಕಿದೆ, ಮಾವನ ಹಾಗೆ ಎರಡೂ ಕೈಯಲ್ಲಿ ಜಗ್ಗಿ ನೋಡಿದೆ. ಜನ ನಕ್ಕರು. ನಿರ್ದೇಶಕರು ಕಟ್ ಎನ್ನುತ್ತಾರೆಂದು ಬೆನ್ನು ಬಿಗಿಹಿಡಿದೆ, ಎನ್ನಲಿಲ್ಲ, ಏನು ಮಾಡುತ್ತಾನೆ ನೋಡೋಣ ಎಂದುಕೊಂಡಿರಬೇಕು. ಹೆಂಡತಿಯ ಪಾತ್ರದವರ ಕೈ ಹಿಡಿದು ಅಂಗಳ ಇಳಿದೆ. ಕೈ ಬಿಟ್ಟು ವಾಪಸು ಹೋಗಿ ಜಗ್ಗಿದೆ. ಅಲ್ಲೊಬ್ಬರು ಇಲ್ಲೊಬ್ಬರು ನಕ್ಕರು. ಅಂಗಳದ ಕೊನೆಯ ತನಕ ಹೋಗಿ ಮತ್ತೆ ತಿರುಗಿದೆ. ಈಗ ನಗು ಬರಬೇಕಿತ್ತು. ಬರಲಿಲ್ಲ. ಬೀಗ ಚಿಲಕಕ್ಕೆ ಬಡಿದ ಸದ್ದು ಮಾತ್ರ ಕೇಳಿಸಿತು. ಆ ಗುಂಪಿನಲ್ಲಿ ಜಾಗ ಬಿಟ್ಟು ಬಂದ ಮನೆಗಳವರೂ ಇದ್ದಿರಬೇಕು.

ಕ್ಯಾಮೆರಾದ ಬಗ್ಗೆ ನಾನು ಕಲಿತದ್ದು ಅಂದೇ ಕಲಿತದ್ದು. ಆ ಮೇಲೆ ಯಾರೂ ಹೊಸದೇನೂ ಹೇಳಿಕೊಡಲಿಲ್ಲ.

ಆ ಕಂತು ಬಂದ ದಿನ ಮಾವ, ಅತ್ತೆ ಬಿಣಗಾದ ನಮ್ಮ ಬಾಡಿಗೆ ಮನೆಗೆ ಬಂದರು. ನಾನು ಟಿವಿ ನೋಡಲಿಲ್ಲ, ಮಾವನ ಮುಖ ನೋಡುತ್ತ ಕೂತೆ. ಬೀಗದ ದೃಶ್ಯ ಬಂದಾಗ ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡಳು. ಮಾವನ ಮುಖದಲ್ಲಿ ಏನೂ ಇಲ್ಲ. ಜಾಹೀರಾತು ಬಂದಾಗ ಎದ್ದ. "ಬಸ್ಸಿಗೆ ಹೊತ್ತಾತು" ಎಂದ, ಹೋದ.

ವಾರ ಕಳೆಯಿತು, ತಿಂಗಳು ಕಳೆಯಿತು, ಮಾವ ಬರಲಿಲ್ಲ. ಹೋಗಿ ನೋಡಲು ನನಗೆ ಧೈರ್ಯ ಬರಲಿಲ್ಲ. ಬೆಂಗಳೂರಿನಿಂದ ಇನ್ನೊಂದು ಧಾರಾವಾಹಿಗೆ ಕರೆ ಬಂತು, ಏನೂ ಖುಷಿಯಾಗಲಿಲ್ಲ. ಒಂದು ದಿನ ಕಾರವಾರದ ಸಂತೆಯಲ್ಲಿ ಅತ್ತೆ ಸಿಕ್ಕಳು.

"ನಿನ್ನ ಮಾವ ಈಗ ಬೀಗ ಮುಟ್ಟೂದೇ ಇಲ್ಲ ತಮಾ" ಎಂದಳು. "ಮೊದಲು ಹಿತ್ತಲಿಗೆ ಹೋಗೂದಿದ್ರೂ ಹಾಕಿ ಜಗ್ತಿದ್ದ. ಈಗ ಬಾಗಿಲು ತೆಗ್ದಿಟ್ಟೇ ಎಲ್ಲಿಗೋ ಹೋಗಿಬಿಡ್ತಾ. ನಿನ್ನ ಟಿವಿ ಕಂಡ ದಿನದಿಂದ ಹಿಂಗೇ."

ಗೇಟಿನ ಟೈಮ್ ಕೀಪರರ ರಾಗ ಹೋದ ಹಾಗೆಯೇ ಇದು. ಎಲೆ ಕೊಟ್ಟೂ ಹೀಗಾಯಿತಲ್ಲ! ಮಾವನಿಂದ ಏನನ್ನು ಕಿತ್ತುಕೊಂಡೆ ನಾನು? ಅವನಿಗೆ ಆ ಮನೆಯಿಂದ ಉಳಿದದ್ದು ಆ ಬೀಗ ಜಗ್ಗುವುದೊಂದೇ ಆಗಿತ್ತೇ? ಅದನ್ನೂ ಊರಿಗೆಲ್ಲ ತೋರಿಸಿ ಮುಗಿಸಿದೆನೇ? ಆ ದಿನಗಳಲ್ಲಿ ಯಾರಾದರೂ ಬಾಗಿಲು ತಟ್ಟಿದರೆ ಸಾಕು, ಮಾವನ ಬಗ್ಗೆ ಏನೋ ಕೆಟ್ಟ ಸುದ್ದಿ ಎಂದು ಜೀವ ಬಾಯಿಗೆ ಬರುತ್ತಿತ್ತು.

ಸುಗ್ಗಿ ಬಂತು. ಹಬ್ಬಕ್ಕೆ ಭಾವಿಕೇರಿಗೆ ಹೋಗಿದ್ದೆ. ಬೆಳಿಗ್ಗೆ ಅಂಗಳದಲ್ಲಿ ಹಲ್ಲುಜ್ಜುತ್ತ ನಿಂತಿದ್ದೆ, ಬೀರಮಾವ ದಣಪೆ ದಾಟಿ ಒಳಗೆ ಬಂದ. ಸ್ನಾನ ಮಾಡಿ, ಒಗೆದ ಅಂಗಿ ಹಾಕಿದ್ದ. ಕೂತುಕೋ ಎಂದರೂ ಕೂರಲಿಲ್ಲ. ನಾನು ಬಾಯಿ ತೊಳೆದು ಬರುವ ತನಕ ಮೆಟ್ಟಿಲ ಕೆಳಗೇ ಕಾದ.

ಅವನ ಅಂಗೈಯಲ್ಲಿ ವೀಳ್ಯದೆಲೆ ಇತ್ತು. ಎಳೆಯ ಹಸಿರು ಎಲೆ, ಮೇಲೊಂದು ಅಡಿಕೆ ಹೋಳು.

"ನನ್ನ ಮೇಳ ಈಗ ಇಲ್ಲಲಾ. ಈ ಸಲ ನಿಮ್ಮೂರೋರ ಸಂಗಡ ಬತ್ತೆ ಅಂದಿದ್ದೆ. ಅವ್ರು ಹ್ಞೂಂ ಅಂದ್ರು" ಎಂದ.

"ಯಾರ ಸೋಗು ಮಾವಾ?"

"ನಿಂದು. ಟಿವಿಲಿ ನನ್ನ ಸೋಗು ತೆಗ್ದಿದ್ಯಲಾ, ಆ ನಿನ್ನ ಸೋಗು. ಬಿಳಿ ತಲೆ ಮಾಡ್ಕಂಡು, ಬಾವಿಕಟ್ಟೆ ಮೇಲೆ ಕೂತು, ಅಯ್ಯೋ ಜನ ನಗ್ತ್ರು ಮಾವಾ, ಜನ ನಗ್ತ್ರು ಮಾವಾ ಅಂದೇಳಿ ಗೋಳಾಡಿದ್ಯಲಾ, ಅಂವಂದು." ಹೇಳುವಾಗ ಅವನ ಬಾಯಿಯ ಒಂದು ಬದಿ ಮೇಲೇರಿತು. ಚೆಂಡಿಯಾ ಬಿಟ್ಟ ಮೇಲೆ ನಾನು ಕಂಡಿರದ ನಗು ಅದು. "ಆಗೂದಾ?"

ಅಳು ಬಂತು, ತಡೆದುಕೊಂಡೆ. ಅದರ ಹಿಂದೆಯೇ ಭಯವೂ ಬಂತು. ಅಂಕೋಲೆಯ ಬೀದಿಯಲ್ಲಿ, ಇಷ್ಟು ಜನರೆದುರು, ಬೀರಮಾವನಂಥವನ ಕೈಗೆ ಸಿಕ್ಕರೆ ನನ್ನ ಗತಿ ಏನು? ನನಗೇ ಗೊತ್ತಿಲ್ಲದ ಏನೇನನ್ನು ಎತ್ತಿ ತೋರಿಸುತ್ತಾನೋ! ಬೇಡ ಎನ್ನಲು ನನಗೂ ಹಕ್ಕಿತ್ತು. ಮಾವ ಎಲೆ ಹಿಡಿದು ಕಾಯುತ್ತಲೇ ಇದ್ದ.

ಕೈ ಚಾಚಿ ಎಲೆ ತೆಗೆದುಕೊಂಡೆ. ಕೈ ಗಡಗಡ ನಡುಗುತ್ತಿತ್ತು. ಮಾವ ಆ ನಡುಕವನ್ನು ರೆಪ್ಪೆ ಬಡಿಯದೆ ನೋಡಿಕೊಂಡ. ಮಾರನೆ ದಿನ ಬೀದಿಯಲ್ಲಿ, ಅವನ ಸೋಗಿನಲ್ಲಿ, ಅದು ಇದ್ದ ಹಾಗೇ ಬಂತು.